ಗಂಡನ ಹೆಸರಿನ ಕಾಲಂ

ರೇಷನ್ ಕಾರ್ಡಿನ ತಿದ್ದುಪಡಿಗೆಂದು ಬಂದಿದ್ದ ಹೆಂಗಸು, ಗಂಡನ ಹೆಸರಿನ ಕಾಲಂ ಬಂದೊಡನೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ಸೇವಾ ಕೇಂದ್ರದ ಕಂಪ್ಯೂಟರಿನ ಮುಂದಿದ್ದ ವನಜಾ ಪರದೆಯ ಮೂಲೆಯ ಗಡಿಯಾರದತ್ತ ಕಣ್ಣು ಹಾಯಿಸಿದಳು. ಐದು ನಿಮಿಷದೊಳಗೆ ಅರ್ಜಿ ತುಂಬಿ ಕಳಿಸದಿದ್ದರೆ ಆ ವೆಬ್‌ಸೈಟು ಹೊರಗೆ ದಬ್ಬುತ್ತಿತ್ತು.

“ಕಾರ್ಡಾದ್ರೂ ಕೊಡಮ್ಮ, ನೋಡ್ಕೊಂಡು ಬರೀತೀನಿ.”

“ಕಾರ್ಡು ಅವ್ರ ಹತ್ರಾನೇ ಐತೆ, ನಾನು ನಂಬರ್ ಬರೆಸ್ಕೊಂಡ್ ಬಂದಿವ್ನಿ. ಕಟ್ಕೊಂಡೋರ ಹೆಸರು ಬಾಯಲ್ಲಿ ಹೇಳಬಾರದು ಕಣವ್ವ. ಲಂಕೆ ಸುಟ್ಟೋನ ಹೆಸರು, ಬರ್ಕೊ.”

“ಹನುಮಂತಪ್ಪ? ಮಾರುತಿ?”

“ಊಹೂಂ. ತಾಯಿ ಕಡೆಯಿಂದ ಬಂದಿದ್ದು,” ಎಂದು ಹೆಂಗಸು ಅಂಜನಾದೇವಿಯ ಕತೆಯನ್ನೇ ಶುರುಮಾಡಿದಳು. ಕತೆಯಲ್ಲಿ ಮಗು ಸೂರ್ಯನ ಕಡೆಗೆ ಹಾರುವಷ್ಟರಲ್ಲಿ ಪರದೆಯ ಮೇಲೆ ‘ಸೆಷನ್ ಮುಗಿದಿದೆ’ ಎಂದು ಬಂತು. ವನಜಾ ಸಿಟ್ಟಿನಲ್ಲಿ ಪೇಜನ್ನು ರೀಲೋಡ್ ಮಾಡಿದಳು. ತುಂಬಿದ್ದೆಲ್ಲ ತೊಳೆದುಹೋಯಿತು.

ಮತ್ತೆ ಲಾಗಿನ್, ಮತ್ತೆ ನಂಬರು, ಮತ್ತೆ ವಿಳಾಸ.

“ಆಂಜನೇಯ?”

“ಹತ್ರ ಬಂದೆ ಕಣವ್ವ! ಪೂರ್ತಿ ಹಂಗಲ್ಲ, ಕೊನೇಲಿ ಅಪ್ಪ ಸೇರ್ಕೊತಾನೆ.”

ಅಷ್ಟರಲ್ಲಿ ವೆಬ್‌ಸೈಟು ಇನ್ನೊಮ್ಮೆ ದಬ್ಬಿತು. ಮೂರನೆಯ ಸಲ ವನಜಾ ಕುರ್ಚಿಯಿಂದಲೇ ಎದ್ದುನಿಂತಳು.

“ಆಂಜಿನಪ್ಪ!”

ಹೆಂಗಸು ಎರಡೂ ಕೆನ್ನೆ ಬಡಿದುಕೊಂಡು ಹೂಂಗುಟ್ಟಿದಳು. ವನಜಾ ಹೆಸರು ಕುಟ್ಟಿ ಗಡಿಯಾರ ನೋಡಿದಳು. ಇನ್ನೊಂದೇ ನಿಮಿಷವಿತ್ತು.

“ಬೇಗ ಹೇಳಮ್ಮ, ಕಾರ್ಡಲ್ಲಿ ಏನು ತಿದ್ದಬೇಕು?”

“ಮೂರು ವರ್ಷದಿಂದ ಅವ್ರು ಇನ್ನೊಬ್ಬಳ ಮನೇಲಿ ಉಣ್ತಾವ್ರೆ. ಆ ಹೆಸರು ಕಿತ್ತಾಕವ್ವ.”