ಎಡೆಯ ಉಪ್ಪಿನಕಾಯಿ

ಕಿಡ್ನಿ ಕೆಟ್ಟ ಮೇಲೆ ಅವನಿಗೆ ಡಾಕ್ಟರು ಉಪ್ಪು ಬಿಡಿಸಿದ್ದರು.

"ಕಲ್ಲುಪ್ಪು ಬೇಡ ಕಣೇ, ಒಂದು ಚಿಟಿಕೆ ಸೈಂಧವ ಹಾಕು. ಉಪವಾಸದವರೂ ತಿಂತಾರೆ," ಎಂದು ಹೆಂಡತಿಯನ್ನು ಗೋಗರೆಯುತ್ತಿದ್ದ.

"ಯಾವುದಾದರೂ ಉಪ್ಪು ಉಪ್ಪೇ ಅಲ್ವಾ?" ಎಂದು ಅವಳು ಉಪ್ಪು, ಉಪ್ಪಿನಕಾಯಿಯ ಭರಣಿಗಳನ್ನೇ ಬಚ್ಚಿಟ್ಟಿದ್ದಳು. ಆ ಮುನಿಸಿನಲ್ಲೇ ಅವನು ಹೋಗಿಬಿಟ್ಟ.

ವರ್ಷದ ತಿಥಿಗೆ ತಾರಸಿಯ ಮೇಲೆ ಕಾಗೆಗೆ ಎಡೆಯಿಟ್ಟಳು. ಬಾಳೆಲೆಯ ತುಂಬ ಸಪ್ಪೆ ಮೊಸರನ್ನ, ಪಕ್ಕದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ.

"ತಿಥಿಗೆ ಸೈಂಧವ ಬಿಟ್ಟು ಬೇರೆ ಉಪ್ಪು ಮುಟ್ಟಬಾರದು. ಕಲ್ಲುಪ್ಪಿನ ಮಿಡಿ ಇಡ್ತಾರೇನೇ?" ಎಂದರು ಅತ್ತೆ.

"ಇನ್ನು ಯಾವ ಡಾಕ್ಟರು ಬೇಡ ಅಂತಾರೆ, ಅತ್ತೆ?"

ಕಾಗೆ ನೀರಿನ ಟ್ಯಾಂಕಿನ ಮೇಲೆ ಕೂತಿತ್ತು, ಇಳಿಯಲಿಲ್ಲ. ಕಾಗೆ ಎಡೆ ಮುಟ್ಟದಿದ್ದರೆ ಹೋದವರ ಆಸೆ ತೀರಿಲ್ಲವೆಂದೇ ಅರ್ಥ.

"ಸಿಟ್ಟು ಇಳಿದಿಲ್ಲ ನೋಡು ಅವನಿಗೆ," ಎಂದು ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

ಅವಳು ಕೈಮುಗಿದಳು. "ಬನ್ನಿ. ಎಷ್ಟು ಬೇಕಾದ್ರೂ ತಿನ್ನಿ. ನಾನು ಬೇಡ ಅನ್ನಲ್ಲ."

ಕಾಗೆ ಇಳಿದು ಬಂತು. ಉಪ್ಪಿನಕಾಯಿಯನ್ನು ಕೊಕ್ಕಿನಿಂದ ಎಲೆಯಾಚೆ ತಳ್ಳಿ, ಬರೀ ಸಪ್ಪೆ ಅನ್ನವನ್ನು ಒಂದಗುಳೂ ಬಿಡದೆ ತಿಂದು ಹಾರಿಹೋಯಿತು.