ವರ್ಷಕ್ಕೊಂದು ದೂರು

ಮಾನ್ಯ ವಾಚಕ ಮಹಾಶಯರೇ, ಅಮೆರಿಕದಲ್ಲಿ ಪ್ರತಿಯೊಬ್ಬ ವಲಸಿಗನೂ ವರ್ಷಕ್ಕೊಮ್ಮೆ ಅನ್ಯ ಜನಾಂಗದ ವಲಸಿಗನೊಬ್ಬನ ಮೇಲೆ ದೂರು ಬರೆದರೆ ಮಾತ್ರ ವಾಸದ ಪರವಾನಗಿ ಮುಂದುವರಿಯುವುದೆಂಬುದನ್ನು ತಾವು ಬಲ್ಲಿರಿ. ಮೂರು ದೂರು ಬಿದ್ದವರಿಗೆ ಗಡೀಪಾರು.

ಸೌಂದರ್ಯದಂಗಡಿಯೊಂದರಲ್ಲಿ ದಾರದಿಂದ ಹುಬ್ಬು ತಿದ್ದುವ ಗುಜರಾತಿನ ಹಂಸಾಬೆನ್ ಆ ಸಂಜೆಯೊಳಗೆ ತನ್ನ ದೂರಿನ ಅರ್ಜಿ ಕೊಡಬೇಕಿತ್ತು. ಅದೇ ಅಂಗಡಿಯಲ್ಲಿ ಜಡೆ ಹೆಣೆಯುವ ಹೈಟಿಯ ರೋಸ್ಲೀನ್ ನಕ್ಕಳು.

"ನನ್ನ ಹೆಸರೇ ಬರಿ, ಹಂಸಕ್ಕಾ. ಹೋದ ವರ್ಷ ನಾನು ನಿನ್ನ ಒಗ್ಗರಣೆ ಘಾಟಿನ ಮೇಲೆ ಬರೆದಿರಲಿಲ್ಲವೇ?"

"ನಿನ್ನ ಮೇಲೆ ಈಗಾಗಲೇ ಎಷ್ಟಿವೆ?"

ರೋಸ್ಲೀನಳ ಕೈ ಜಡೆಯಲ್ಲೇ ನಿಂತಿತು. "ಎರಡು."

ಹಂಸಾಬೆನ್ ಕೆಂಡವಾದಳು. "ನಮ್ಮನ್ನು ಕೋಳಿ ಅಂಕಕ್ಕೆ ಬಿಟ್ಟವರ ಹೆಸರು ಬರೆಯಲು ಇದರಲ್ಲಿ ಒಂದು ಗೆರೆಯೂ ಇಲ್ಲವಲ್ಲ!"

ಅರ್ಜಿಯನ್ನು ಹರಿದು, ದಾರದ ಉಂಡೆಗಳನ್ನೂ ಕನ್ನಡಿಯನ್ನೂ ಚೀಲಕ್ಕೆ ತುಂಬಿ, ರೋಸ್ಲೀನಳನ್ನೊಮ್ಮೆ ಬಿಗಿದಪ್ಪಿ, ಅವಳು ಕೆನಡಾ ಗಡಿಯ ಬಸ್ಸು ಹಿಡಿಯಲು ಹೊರಟಳು.