ಎರಡು ತೋಟೆ

ಕೊಡಗಿನ ಬಿದ್ದಯ್ಯನವರಿಗೆ ಎಪ್ಪತ್ತೆಂಟನೇ ವಯಸ್ಸಿನಲ್ಲಿ ಬೇಟೆ ಕೋವಿಯ ಹುಚ್ಚೇಕೆ ಹಿಡಿಯಿತೋ, ಕೋವಿ ಮಾಡುವ ಆಚಾರಿಗೆ ತಲೆಬುಡ ತಿಳಿಯಲಿಲ್ಲ. ಯಾರೂ ಕೇಳದ ಅಳತೆಯದೇ ಬೇಕೆಂಬ ಹಟ ಬೇರೆ. ಮೂಲೆಗೆ ಬಿದ್ದಿದ್ದ ನಳಿಗೆಗೆ ಹಲಸಿನ ಹಿಡಿ ಕೂರಿಸಿ ಅಗ್ಗದಲ್ಲೇ ಮಾಡಿಕೊಟ್ಟ.

"ಇದಕ್ಕೆ ತುಂಬೋ ತೋಟೆ ಈಗ ಎಲ್ಲೂ ಸಿಗೋದಿಲ್ಲ, ಬಿದ್ದಯ್ಯನೋರೆ."

ಬಿದ್ದಯ್ಯನವರು ಕರವಸ್ತ್ರ ಬಿಚ್ಚಿ, ಅಪ್ಪನ ಕಾಲದ ಎರಡು ತೋಟೆ ಮೇಜಿನ ಮೇಲಿಟ್ಟರು.

"ಇಷ್ಟು ಸಾಕು. ಕೋವೀನೂ ನಿನ್ನ ಹತ್ರಾನೇ ಇರ್ಲಿ. ನನ್ನ ಮನೇಲಿ ಹಾರಿಸೋರು ಯಾರಿದ್ದಾರೆ?"

"ಹಾಗಾದ್ರೆ ಒಂದು ಹಾರಿಸಿ ನೋಡ್ಲಾ?"

"ಬೇಡ ಆಚಾರಿ. ನಾನು ಸತ್ತ ದಿನ ನಮ್ಮ ಪದ್ಧತಿ ಪ್ರಕಾರ ಎರಡು ಗುಂಡು ಹಾರಿಸ್ಬೇಕಲ್ಲ. ಒಂದೇ ಕೇಳಿದ್ರೆ, ಬಿದ್ದಯ್ಯನ ಮನೇಲಿ ಗಂಡು ಮಗು ಹುಟ್ಟಿತು ಅಂದ್ಕೊಳ್ತಾರೆ ಊರವರು."